ಮೂಳೆ ಹಲ್ಲುಜ್ಜುವ ಬ್ರಷ್ ಅಲ್ಲ

ನಾಯಿಯ ಬಾಯಿ ನಾರುತ್ತದೆಂದು ಕರೆತರುವವರು ಮುಂದಿನ ಹಲ್ಲು ತೋರಿಸಿ, "ಬೆಳ್ಳಗೇ ಇದೆಯಲ್ಲ ಡಾಕ್ಟ್ರೇ" ಎನ್ನುತ್ತಾರೆ. ನೋಡಬೇಕಾದದ್ದು ಅಲ್ಲಲ್ಲ. ತುಟಿಯನ್ನು ಕಿವಿಯ ಕಡೆಗೆ ಎಳೆದು ಹಿಡಿದರೆ ಮೇಲ್ದವಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲೊಂದು ಕಾಣುತ್ತದೆ, ಮಾಂಸ ಕತ್ತರಿಸುವ ಹಲ್ಲು. ಜೊಲ್ಲಿನ ನಾಳ ಅದರ ಎದುರಿಗೇ ತೆರೆದುಕೊಳ್ಳುವುದರಿಂದ ಕಂದು ಗಾರೆ (ಹಲ್ಲಿಗೆ ಗಟ್ಟಿಯಾಗಿ ಅಂಟುವ ಕಿಟ್ಟ, ಟಾರ್ಟರ್) ಮೊದಲು ಕಟ್ಟುವುದು ಅಲ್ಲೇ.

ನಾಯಿಯ ಜೊಲ್ಲು ನಮ್ಮದಕ್ಕಿಂತ ಕ್ಷಾರೀಯ, ಅಂದರೆ ಅದರಲ್ಲಿ ಆಮ್ಲದ ಗುಣ ಕಡಿಮೆ. ಹಾಗಾಗಿ ಒಂದೇ ಬಿಸ್ಕತ್ತು ಎರಡು ಬಾಯಲ್ಲಿ ಎರಡು ಬಗೆಯ ಕೇಡು ಮಾಡುತ್ತದೆ. ಮಗುವಿನ ಹಲ್ಲಿಗೆ ಅಂಟಿದ ಹಿಟ್ಟು-ಸಕ್ಕರೆಯನ್ನು ಬ್ಯಾಕ್ಟೀರಿಯಾ ಆಮ್ಲವಾಗಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗಿಳಿದು ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧದಿಂದ ಒಂದು ಗಂಟೆ ಬೇಕು. ನಾಲ್ಕು ಬಿಸ್ಕತ್ತು ಒಟ್ಟಿಗೆ ತಿಂದರೆ ಆಗುವುದಕ್ಕಿಂತ, ಗಂಟೆಗೊಂದರಂತೆ ಮೆಲ್ಲುತ್ತಿದ್ದರೆ ಹುಳುಕು ಹೆಚ್ಚು. ನಾಯಿಗೆ ಹುಳುಕು ಅಪರೂಪ. ಅದರ ಹಲ್ಲಿನ ಪಾಚಿ, ಅಂದರೆ ಬ್ಯಾಕ್ಟೀರಿಯಾದ ಅಂಟು ಪೊರೆ, ಎರಡು-ಮೂರು ದಿನದಲ್ಲೇ ಗಟ್ಟಿಯಾಗಿ ಗಾರೆಯಾಗತೊಡಗುತ್ತದೆ, ಆ ಒರಟಿನ ಮೇಲೆ ಮತ್ತೆ ಪಾಚಿ ಕೂರುತ್ತದೆ. ವಸಡಿನಡಿ ಇಳಿದರೆ ಉರಿಯೂತವಾಗಿ, ಹಲ್ಲು ಹಿಡಿದಿಟ್ಟ ಎಲುಬೇ ಸವೆಯುತ್ತದೆ.

ಮೂಳೆ ಕಡಿದರೆ ನಾಯಿಯ ಹಲ್ಲು ತಾನೇ ಶುಚಿಯಾಗುತ್ತದೆಂದು ನಂಬಿದವರು ಕೇಳುತ್ತಾರೆ, "ತೋಳ ಮೂಳೆ ತಿನ್ನಲ್ವಾ?" ತಿನ್ನುತ್ತದೆ, ಹಲ್ಲನ್ನೂ ಮುರಿದುಕೊಳ್ಳುತ್ತದೆ. ತೋಳದ ಹಲ್ಲು ಒರೆಸುವುದು ಮುಖ್ಯವಾಗಿ ಚರ್ಮ, ಸ್ನಾಯುರಜ್ಜು ಹರಿಯುವ ಎಳೆದಾಟ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಗಟ್ಟಿ ಮೂಳೆ ಆ ದೊಡ್ಡ ಹಲ್ಲಿನ ಹೊರಪದರವನ್ನೇ ಎಬ್ಬಿಸುತ್ತದೆ. ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳದ್ದನ್ನು ಅಗಿಯಲು ಕೊಡಬೇಡಿ.

ಮೊಲದ ಲೆಕ್ಕ ತಲೆಕೆಳಗು. ಅದರ ಎಲ್ಲ ಹಲ್ಲೂ ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಅಡ್ಡಡ್ಡ ಅರೆದರಷ್ಟೇ ಸವೆತ. ಬ್ರೆಡ್ಡು, ಕ್ಯಾರೆಟ್ಟಿನಲ್ಲೇ ಹೊಟ್ಟೆ ತುಂಬಿಸಿದರೆ ಕೆಳದವಡೆಯ ಹಲ್ಲಿನ ಅಂಚು ಮುಳ್ಳಾಗಿ ನಾಲಗೆ ಕೊಯ್ಯುತ್ತದೆ. ಆಗ ಮೊಲ ಮೇವಿನ ಹತ್ತಿರ ಬರುತ್ತದೆ, ಬಾಯಿಗೆ ತೆಗೆದುಕೊಂಡು ಬಿಡುತ್ತದೆ. ಮೇವಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಒಣಹುಲ್ಲೇ ಇರಲಿ.

ನಾಯಿಗೆ ಉಳಿಯುವುದು ಬ್ರಷ್ಷೇ. ಮೊದಲ ವಾರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ವಸಡು ಸವರಿ, ಆಮೇಲೆ ಮಕ್ಕಳ ಮೆತ್ತನೆಯ ಬ್ರಷ್. ವಸಡಿನ ಅಂಚಿಗೆ ಓರೆಯಾಗಿಟ್ಟು, ಹಲ್ಲಿನ ಹೊರಬದಿಯನ್ನಷ್ಟೇ, ಒಂದೊಂದು ಕಡೆ ಅರ್ಧ ನಿಮಿಷ, ದಿನಾ. ನಮ್ಮ ಪೇಸ್ಟ್ ಬೇಡ: ನಾಯಿ ಉಗುಳುವುದಿಲ್ಲ, ಪೇಸ್ಟಿನಲ್ಲಿ ಜೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ಪ್ರಾಣಕ್ಕೇ ಅಪಾಯ. ಈಗಾಗಲೇ ಕಟ್ಟಿದ ಗಾರೆ ಬ್ರಷ್ಷಿಗೆ ಬರುವುದಿಲ್ಲ, ಅರಿವಳಿಕೆ ಕೊಟ್ಟೇ ತೆಗೆಯಬೇಕು. ಕಣ್ಣಿನ ಕೆಳಗೆ ಬಾವು ಎದ್ದರೆ ಕಣ್ಣಿಗೆ ಡ್ರಾಪ್ಸ್ ಹಾಕುವ ಮುನ್ನ ತುಟಿ ಎತ್ತಿ ನೋಡಿ. ಹೆಚ್ಚಿನ ಸಲ ಕೀವು ಆ ದೊಡ್ಡ ಹಲ್ಲಿನ ಬೇರಿನಿಂದ ಬಂದಿರುತ್ತದೆ.