ಟಿಎಚ್‌ಡಿ 80 ಅಂದ ಕೂಡಲೇ ಹೆದರಬೇಡಿ

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇರಲಿ, ಹುಬ್ಬಳ್ಳಿ ತಾರಿಹಾಳದ ಕಾರ್ಖಾನೆ ಇರಲಿ, ಪವರ್ ಕ್ವಾಲಿಟಿ ರಿಪೋರ್ಟ್ ಬಂದರೆ ಮಾಲೀಕರು ಮೊದಲು ನೋಡುವುದು ಟಿಎಚ್‌ಡಿ, ಅಂದರೆ ಕರೆಂಟಿನ ಅಲೆ ಎಷ್ಟು ಕೆಟ್ಟಿದೆ ಅನ್ನುವ ಶೇಕಡಾ ಲೆಕ್ಕ. ಅದು ಶೇ 80 ಅಂತ ಕಂಡರೆ ಅದನ್ನು ಸರಿಪಡಿಸುವ ಫಿಲ್ಟರ್ ಮಾರುವವರಿಗೆ ಫೋನ್ ಹೋಗುತ್ತದೆ. ಸ್ವಲ್ಪ ತಡೆಯಿರಿ.

ನಮ್ಮ ಲೈನಿನ ಕರೆಂಟ್ 50 ಹರ್ಟ್ಜ್‌ನದು. ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್), ಯುಪಿಎಸ್, ಎಲ್‌ಇಡಿಗಳು ಅದನ್ನು ಒಂದೇ ಸಮನೆ ಎಳೆಯುವುದಿಲ್ಲ, ತುಂಡು ತುಂಡಾಗಿ ಎಳೆಯುತ್ತವೆ. ಹಾಗಾಗಿ 150, 250, 350 ಹರ್ಟ್ಜ್‌ನ ಅಲೆಗಳೂ ಬಂದು ಸೇರುತ್ತವೆ. ಇವು 3, 5, 7ನೇ ಹಾರ್ಮೋನಿಕ್. ಮೂರು ಫೇಸಿನ ಸಾಮಾನ್ಯ ಡ್ರೈವ್‌ನಲ್ಲಿ 5 ಮತ್ತು 7 ಜೋರು. 3ನೆಯದು ಕಂಪ್ಯೂಟರ್, ದೀಪಗಳ ಕಾಟ. ಮೂರೂ ಫೇಸಿನದು ನ್ಯೂಟ್ರಲ್‌ನಲ್ಲಿ ಒಟ್ಟಾಗಿ, ವೈರ್ ಬಿಸಿಯಾಗುತ್ತದೆ.

ಈಗ ಆ 80ಕ್ಕೆ ಬರೋಣ. ಆ ಕ್ಷಣದ 50 ಹರ್ಟ್ಜ್ ಕರೆಂಟಿಗೆ ಹೋಲಿಸಿದರೆ ಹಾರ್ಮೋನಿಕ್ ಶೇಕಡಾ ಎಷ್ಟು ಅನ್ನುವುದೇ ಟಿಎಚ್‌ಡಿ. ಪೂರ್ತಿ ಲೋಡಿನಲ್ಲಿ ಡ್ರೈವ್ 50 ಹರ್ಟ್ಜ್‌ನ 100 ಆಂಪ್ ಎಳೆಯುತ್ತಿದೆ, ಟಿಎಚ್‌ಡಿ ಶೇ 35 ಅಂತಿಟ್ಟುಕೊಳ್ಳಿ. ಹಾರ್ಮೋನಿಕ್ ಕರೆಂಟ್ 35 ಆಂಪ್. ಲೋಡ್ ಇಳಿದು 20 ಆಂಪ್ ಆದಾಗ ಟಿಎಚ್‌ಡಿ ಶೇ 80 ಆಯಿತು. ಹಾರ್ಮೋನಿಕ್ ಎಷ್ಟು? ಬರೀ 16 ಆಂಪ್! ಟ್ರಾನ್ಸ್‌ಫಾರ್ಮರ್ ಬಿಸಿಯಾಗುವುದು ಆಂಪಿನಿಂದ, ಶೇಕಡಾವಾರಿನಿಂದ ಅಲ್ಲ. ಅದಕ್ಕೇ ಐಇಇಇ 519 ಅನ್ನುವ ಹಾರ್ಮೋನಿಕ್ ಮಾನದಂಡ ಕರೆಂಟಿಗೆ ಟಿಡಿಡಿ ನೋಡುತ್ತದೆ. ಅಲ್ಲಿ ಭಾಗಿಸುವುದು ಆ ಕ್ಷಣದ ಕರೆಂಟಿನಿಂದಲ್ಲ, ಗರಿಷ್ಠ ಬೇಡಿಕೆಯ ಕರೆಂಟಿನಿಂದ. ಗರಿಷ್ಠ 100 ಆಂಪ್ ಆದರೆ ಈ 16 ಆಂಪ್ ಶೇ 16 ಅಷ್ಟೇ. ಆದರೆ ಪೂರ್ತಿ ಲೋಡಿನ ಆ 35 ಇದೆಯಲ್ಲ, ಯೋಚಿಸಬೇಕಾದದ್ದು ಅದರ ಬಗ್ಗೆ.

ವೋಲ್ಟೇಜಿನ ಮಾತೇ ಬೇರೆ. ಅಲ್ಲಿ ಟಿಎಚ್‌ಡಿಯನ್ನೇ ನೋಡಬೇಕು. ಅದೇ ಮಾನದಂಡದಲ್ಲಿ 2014ರಿಂದ 1 ಕೆವಿ (1000 ವೋಲ್ಟ್) ಒಳಗಿನ ಲೈನಿಗೆ ಮಿತಿ ಶೇ 8.

ನನ್ನನ್ನು ಕೇಳಿದರೆ ನಮ್ಮ ಕಡೆ ಜಾಸ್ತಿ ಕಾಡುವುದು ಕೆಪ್ಯಾಸಿಟರ್. ಪವರ್ ಫ್ಯಾಕ್ಟರ್ ಕಡಿಮೆ ಅಂತ ಬಿಲ್ಲಿನಲ್ಲಿ ಬೀಳುವ ದಂಡ ತಪ್ಪಿಸಲು ಸುಮ್ನೆ ಬ್ಯಾಂಕ್ (ಕೆಪ್ಯಾಸಿಟರ್‌ಗಳ ಗುಂಪು) ಏರಿಸುತ್ತಾ ಹೋಗುತ್ತಾರೆ. ಅದೂ ಟ್ರಾನ್ಸ್‌ಫಾರ್ಮರೂ ಸೇರಿ 250 ಹರ್ಟ್ಜ್ ಹತ್ತಿರ ರೆಸೊನೆನ್ಸ್ (ತಾಳ ಕೂಡಿ ಅಲೆ ಏರುವುದು) ಆದರೆ ಮುಗಿಯಿತು: 5ನೇ ಹಾರ್ಮೋನಿಕ್ ಹಲವು ಪಟ್ಟು ಏರುತ್ತದೆ, ಫ್ಯೂಸ್ ಹೋಗುತ್ತದೆ, ಕೆಪ್ಯಾಸಿಟರ್ ಉಬ್ಬುತ್ತದೆ. ಹೊಸ ಕೆಪ್ಯಾಸಿಟರ್ ಹಾಕಿದರೂ ಕಥೆ ಅದೇ, ಅಲ್ವಾ? ಡ್ರೈವ್ ಜಾಸ್ತಿ ಇರುವಲ್ಲಿ ಶೇ 7ರ ರಿಯಾಕ್ಟರ್ (ಕೆಪ್ಯಾಸಿಟರ್ ಜೊತೆ ಸರಣಿಯಲ್ಲಿ ಹಾಕುವ ತಂತಿ ಸುರುಳಿ) ಸೇರಿಸಿದರೆ ಬ್ಯಾಂಕ್ 189 ಹರ್ಟ್ಜ್‌ಗೆ ಟ್ಯೂನ್ ಆಗುತ್ತದೆ, 5ನೆಯದರ ಕಾಟ ತಪ್ಪುತ್ತದೆ. 3ನೇ ಹಾರ್ಮೋನಿಕ್ ಜೋರಿದ್ದರೆ ಶೇ 7 ಸಾಲದು. ಆಗ ಶೇ 14ರದ್ದು ಕೇಳಿ, ಅದು 134 ಹರ್ಟ್ಜ್.

ಅಳತೆಯನ್ನು ಡ್ರೈವ್‌ಗಳು ಪೂರ್ತಿ ಓಡುವ ದಿನವೇ ಮಾಡಿಸಿ. ಕೆಪ್ಯಾಸಿಟರ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಟ್ರೂ ಆರ್‌ಎಂಎಸ್ (ಅಲೆ ಹೇಗಿದ್ದರೂ ನಿಜವಾದ ಕರೆಂಟ್ ಅಳೆಯುವ ಬಗೆ) ಅಲ್ಲದ ಅಗ್ಗದ ಕ್ಲ್ಯಾಂಪ್ ಮೀಟರ್ ಇಂಥ ಕರೆಂಟನ್ನು ಕಡಿಮೆ ತೋರಿಸುತ್ತದೆ, ಅದನ್ನು ಪಕ್ಕಕ್ಕಿಡಿ. ರಿಪೋರ್ಟ್ ಕೊಟ್ಟವರು ಯಾವ ಲೋಡಿನಲ್ಲಿ ಅಳೆದರು ಅಂತ ಬರೆದಿಲ್ಲವಾದರೆ ಫಿಲ್ಟರ್‌ಗೆ ದುಡ್ಡು ಹಾಕಬೇಡಿ.