ಸೀಲ್‌ನ ಕೊಬ್ಬಿನಲ್ಲಿ ಅದರ ಊಟದ ಲೆಕ್ಕ

1992ರ ಜುಲೈನಲ್ಲಿ ಕೆನಡಾ ಸರ್ಕಾರ ನ್ಯೂಫೌಂಡ್‌ಲ್ಯಾಂಡ್ ಕಡಲಿನಲ್ಲಿ ಕಾಡ್ ಮೀನು ಹಿಡಿಯುವುದನ್ನು ನಿಲ್ಲಿಸಿತು. ಶತಮಾನಗಳ ಕಾಲ ಎಷ್ಟೋ ಊರುಗಳನ್ನು ಸಾಕಿದ ಮೀನು ಅದು. ಸುಮಾರು 30,000 ಜನರ ಕೆಲಸ ಒಂದೇ ಏಟಿಗೆ ಹೋಯಿತು. ಮರುವರ್ಷ ಪಕ್ಕದ ನೋವಾ ಸ್ಕೋಶಿಯಾ ಪ್ರಾಂತ್ಯದ ಪೂರ್ವದ ಕಡಲಿನಲ್ಲೂ ಹೀಗೇ ಆಯಿತು. ಮಿತಿಮೀರಿ ಹಿಡಿದದ್ದೇ ಇದಕ್ಕೆ ಮುಖ್ಯ ಕಾರಣ. ಆದರೆ ಬಲೆ ಎತ್ತಿಟ್ಟು ವರ್ಷಗಳು ಕಳೆದರೂ ಕಾಡ್ ಚೇತರಿಸಿಕೊಳ್ಳಲಿಲ್ಲ. ಅದೇ ಕಾಲಕ್ಕೆ ಅಲ್ಲಿನ ಬೂದು ಸೀಲ್‌ಗಳು ಮಾತ್ರ ಹೆಚ್ಚುತ್ತಲೇ ಹೋದವು. ಅಳಿದುಳಿದ ಮೀನನ್ನೆಲ್ಲ ಇವೇ ತಿಂದು ಮುಗಿಸುತ್ತಿವೆ ಎಂದು ಮೀನುಗಾರರು ದೂರಿದರು.

ನಿಜವಾಗಿಯೂ ತಿನ್ನುತ್ತಿವೆಯಾ? ತಿಂದರೆ ಎಷ್ಟು? ಇದನ್ನು ಪತ್ತೆ ಮಾಡುವುದು ಸುಲಭವಲ್ಲ. ಸೀಲ್ ದಡದಲ್ಲಿ ಮಲಗುತ್ತದೆ, ಮರಿ ಹಾಕುತ್ತದೆ. ಊಟ ಮಾತ್ರ ನೀರಿನ ಆಳದಲ್ಲಿ, ನಮ್ಮ ಕಣ್ಣಿಗೆ ಬೀಳದ ಕಡೆ.

ಹಿಂದೆಲ್ಲ ಸೀಲನ್ನು ಕೊಂದು ಹೊಟ್ಟೆ ಬಗೆದು ನೋಡುತ್ತಿದ್ದರು. ಆಮೇಲೆ ದಡದಲ್ಲಿ ಬಿದ್ದ ಅದರ ಹಿಕ್ಕೆಯನ್ನು ಜರಡಿಯಲ್ಲಿ ತೊಳೆದು ನೋಡುವ ಪದ್ಧತಿ ಬಂತು. ಮೀನಿನ ಕಿವಿಯೊಳಗೆ ಪುಟ್ಟ ಸುಣ್ಣದ ಕಲ್ಲುಗಳಿರುತ್ತವೆ. ಒಂದೊಂದು ಜಾತಿಗೆ ಒಂದೊಂದು ಆಕಾರ. ಕಲ್ಲಿನ ಅಳತೆಯಿಂದ ಮೀನು ಎಷ್ಟು ಉದ್ದವಿತ್ತು ಅಂತಲೂ ಹೇಳಬಹುದು. ಜಾಣ ಉಪಾಯವೇ. ತೊಂದರೆ ಏನೆಂದರೆ, ಚಿಕ್ಕ ಮೀನಿನ ಕಲ್ಲು ಹೊಟ್ಟೆಯ ಆಮ್ಲದಲ್ಲಿ ಕರಗಿಹೋಗುತ್ತದೆ. ದೊಡ್ಡ ಮೀನಿನ ತಲೆ ಬಿಟ್ಟು ಬರೀ ಹೊಟ್ಟೆಯ ಭಾಗ ತಿಂದಿದ್ದರೆ ಕಲ್ಲು ಸಿಗುವುದೇ ಇಲ್ಲ. ಸಿಕ್ಕರೂ ಅದು ಕೊನೆಯ ಒಂದೆರಡು ದಿನದ ಊಟದ ಸುದ್ದಿ ಅಷ್ಟೇ.

ಇನ್ನೂ ದೊಡ್ಡ ತೊಡಕು ಸೇಬಲ್ ದ್ವೀಪದಲ್ಲಿತ್ತು. ನೋವಾ ಸ್ಕೋಶಿಯಾದ ಹ್ಯಾಲಿಫ್ಯಾಕ್ಸ್ ನಗರದಿಂದ ಸುಮಾರು 300 ಕಿ.ಮೀ. ದೂರ, ಅಟ್ಲಾಂಟಿಕ್‌ನ ನಡುವೆ ಇರುವ ಮರಳಿನ ದಿಬ್ಬ ಅದು. ಉದ್ದ ಸುಮಾರು 40 ಕಿ.ಮೀ., ಅಗಲ ಒಂದೂವರೆ ಕಿ.ಮೀ. ಕೂಡ ಇಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ಬೂದು ಸೀಲ್‌ಗಳು ಮರಿ ಹಾಕುವುದು ಇಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿ ಮೊದಲ ವಾರಗಳವರೆಗೆ ಅವು ದಡಕ್ಕೆ ಬರುತ್ತವೆ. ವಿಜ್ಞಾನಿಗಳ ಕೈಗೆ ಸುಲಭವಾಗಿ ಸಿಗುವುದೂ ಆಗಲೇ. ಆದರೆ ಆಗ ಅವು ಉಪವಾಸ ಇರುತ್ತವೆ! ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಇರುವುದು ಚರ್ಮದ ಕೆಳಗಿನ ದಪ್ಪ ಕೊಬ್ಬಿನ ಪದರ, ಅಂದರೆ ಬ್ಲಬರ್.

ಡಲ್‌ಹೌಸಿ ವಿಶ್ವವಿದ್ಯಾಲಯದ ಸಾರಾ ಐವರ್ಸನ್ ಮತ್ತು ಸಂಗಡಿಗರು ಆ ಕೊಬ್ಬನ್ನೇ ಹಿಡಿದು ಹೊರಟರು. ನನ್ನ ಮಟ್ಟಿಗೆ ಇದು ಪ್ರಾಣಿವಿಜ್ಞಾನದ ತುಂಬ ಸೊಗಸಾದ ಕೆಲಸಗಳಲ್ಲಿ ಒಂದು.

ಕೊಬ್ಬು ಅಂದರೆ ಒಂದೇ ವಸ್ತು ಅಲ್ಲ. ಅದರಲ್ಲಿ ಹತ್ತಾರು ಬಗೆಯ ಕೊಬ್ಬಿನಾಮ್ಲಗಳಿವೆ. ಹಸು ತಿಂದ ಹುಲ್ಲಿನ ಕೊಬ್ಬಿನಾಮ್ಲಗಳನ್ನು ಅದರ ಹೊಟ್ಟೆಯ ಬ್ಯಾಕ್ಟೀರಿಯಾಗಳು ಬದಲಿಸಿಬಿಡುತ್ತವೆ. ಸೀಲ್‌ಗೆ ಇರುವುದು ನಮ್ಮಂತೆ ಒಂದೇ ಕೋಣೆಯ ಹೊಟ್ಟೆ. ಹಾಗಾಗಿ ಮೀನಿನಿಂದ ಬಂದ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಹೆಚ್ಚೇನೂ ಬದಲಾಗದೆ ಬ್ಲಬರ್‌ಗೆ ಹೋಗಿ ಸೇರುತ್ತವೆ. ಒಮೆಗಾ-3ರಂಥವನ್ನು ಸೀಲ್‌ನ ದೇಹ ತಾನೇ ತಯಾರಿಸಲಾರದು. ಅವು ಕಂಡರೆ ಊಟದಿಂದಲೇ ಬಂದಿರಬೇಕು.

ಮೀನಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ವಿಷಯ ಇನ್ನೂ ಚೆನ್ನಾಗಿದೆ. ಉತ್ತರದ ತಣ್ಣನೆಯ ಕಡಲಲ್ಲಿ ಕೋಪಿಪಾಡ್ ಎಂಬ, ಅಕ್ಕಿಕಾಳಿಗಿಂತ ಚಿಕ್ಕ ಜೀವಿಗಳಿವೆ. 20 ಮತ್ತು 22 ಇಂಗಾಲದ ಪರಮಾಣುಗಳಿರುವ ಕೆಲವು ವಿಶೇಷ ಕೊಬ್ಬಿನಾಮ್ಲ ಸರಪಳಿಗಳನ್ನು ತಯಾರಿಸುವುದು ಇವು. ಕೋಪಿಪಾಡನ್ನು ಹೆರಿಂಗ್, ಸ್ಯಾಂಡ್‌ಲ್ಯಾನ್ಸ್ ಮೀನುಗಳು ತಿನ್ನುತ್ತವೆ. ಅವನ್ನು ಸೀಲ್ ತಿನ್ನುತ್ತದೆ. ಕೋಪಿಪಾಡ್‌ನ ಗುರುತು ಎರಡು ಮೆಟ್ಟಿಲು ದಾಟಿ ಸೀಲ್‌ನ ಮೈಯಲ್ಲಿ ಕೂತಿರುತ್ತದೆ.

ಮಾದರಿ ತೆಗೆಯಲು ಸೀಲನ್ನು ಕೊಲ್ಲಬೇಕಿಲ್ಲ. ಸುಮಾರು 6 ಮಿ.ಮೀ. ಅಗಲದ ಸೂಜಿಯಂಥ ಕೊಳವೆಯಿಂದ ಸೊಂಟದ ಪಕ್ಕದಲ್ಲಿ ಒಂದು ತುಣುಕು ತೆಗೆದರೆ ಸಾಕು. ಆದರೆ ಕೊಳವೆ ಪದರದ ತಳದವರೆಗೂ ಹೋಗಬೇಕು. ಊಟಕ್ಕೆ ತಕ್ಕಂತೆ ಬೇಗ ಬದಲಾಗುವುದು ಒಳಗಿನ ಭಾಗ. ಚರ್ಮಕ್ಕೆ ತಾಗಿದ ಭಾಗ ಅಷ್ಟಾಗಿ ಬದಲಾಗುವುದಿಲ್ಲ.

ಇನ್ನೊಂದು ಕಡೆ ಆ ಕಡಲಿನ ಮೀನುಗಳನ್ನೆಲ್ಲ ಹಿಡಿದು, ಇಡಿಯಾಗಿ ಅರೆದು, ಪ್ರತಿ ಜಾತಿಯ ಕೊಬ್ಬಿನಾಮ್ಲಗಳ ಪಟ್ಟಿ ಮಾಡಬೇಕು. ಆಮೇಲೆ ಕಂಪ್ಯೂಟರ್‌ಗೆ ಒಂದು ಪ್ರಶ್ನೆ: ಯಾವ ಮೀನನ್ನು ಎಷ್ಟೆಷ್ಟು ಬೆರೆಸಿದರೆ ಈ ಸೀಲ್‌ನ ಕೊಬ್ಬು ಸಿಗುತ್ತದೆ? ಸೀಲ್‌ನ ದೇಹ ಕೆಲವು ಕೊಬ್ಬಿನಾಮ್ಲಗಳನ್ನು ಬೇಗ ಉರಿಸುತ್ತದೆ, ಕೆಲವನ್ನು ತಾನೇ ತಯಾರಿಸುತ್ತದೆ. ಆ ವ್ಯತ್ಯಾಸ ತಿಳಿಯಲು ಸಾಕಿದ ಸೀಲ್‌ಗಳಿಗೆ ತಿಂಗಳುಗಟ್ಟಲೆ ಒಂದೇ ಮೀನು ತಿನ್ನಿಸಿ ನೋಡಿದರು. ಪೂರ್ತಿ ವಿಧಾನ 2004ರಲ್ಲಿ ಪ್ರಕಟವಾಯಿತು.

ಟೀಕೆಗಳೂ ಬಂದವು, ಬರಬೇಕಾದದ್ದೇ. ಮುಖ್ಯವಾದದ್ದು ಮೀನಿನ ಪಟ್ಟಿಯ ಬಗ್ಗೆ. ಒಂದೇ ಜಾತಿಯ ಮೀನಿನ ಕೊಬ್ಬು ಕಾಲಕ್ಕೆ, ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಮುಗಿದ ಮೇಲಿನ ಬೂತಾಯಿ ಮೀನಿನಲ್ಲಿರುವ ಎಣ್ಣೆ ಬೇಸಿಗೆಯ ಬೂತಾಯಿಯಲ್ಲಿ ಇರುವುದಿಲ್ಲ ಅಲ್ವಾ? ಹಾಗಾಗಿ ಹಳೆಯ ಪಟ್ಟಿ ಇಟ್ಟುಕೊಂಡು ಹೊಸ ಸೀಲ್‌ನ ಊಟ ಲೆಕ್ಕ ಹಾಕಿದರೆ ಉತ್ತರ ದಾರಿ ತಪ್ಪಬಹುದು.

ಸೇಬಲ್ ದ್ವೀಪದ ಸೀಲ್‌ಗಳ ಕೊಬ್ಬಿನಲ್ಲಿ ಕಂಡದ್ದೇನು? ಊಟದ ದೊಡ್ಡ ಪಾಲು ಸ್ಯಾಂಡ್‌ಲ್ಯಾನ್ಸ್ ಮತ್ತು ರೆಡ್‌ಫಿಶ್. ಕಾಡ್‌ನ ಪಾಲು ಚಿಕ್ಕದು. ಗಂಡು ಸೀಲ್‌ಗಳು ಹಲವು ಬಗೆಯ ಮೀನು ತಿನ್ನುತ್ತವೆ, ಹೆಣ್ಣುಗಳು ಕೊಬ್ಬು ಜಾಸ್ತಿ ಇರುವ ಕೆಲವನ್ನೇ ಆರಿಸಿಕೊಳ್ಳುತ್ತವೆ ಎಂಬುದೂ ತಿಳಿಯಿತು. ಇಲ್ಲಿಗೆ ಸೀಲ್ ನಿರಪರಾಧಿ ಎಂದುಬಿಡಬಹುದೇ? ಅದೂ ಅವಸರದ ಮಾತಾಗುತ್ತದೆ. ಚಿಕ್ಕ ಪಾಲನ್ನೇ ಲಕ್ಷಗಟ್ಟಲೆ ಸೀಲ್‌ಗಳಿಂದ ಗುಣಿಸಿದರೆ ದೊಡ್ಡ ರಾಶಿಯಾಗುತ್ತದೆ. ಹತ್ತಿರದ ಸೇಂಟ್ ಲಾರೆನ್ಸ್ ಕೊಲ್ಲಿಯ ದಕ್ಷಿಣ ಭಾಗದ ಕತೆಯೇ ಬೇರೆ. ಚಳಿಗಾಲದಲ್ಲಿ ಅಲ್ಲಿನ ಕಾಡ್‌ಗಳು ಒಟ್ಟಾಗಿ ಸೇರುವ ಜಾಗಕ್ಕೆ ದೊಡ್ಡ ಗಂಡು ಸೀಲ್‌ಗಳು ಹೋಗುತ್ತವೆ. ಆ ಕಾಡ್ ಚೇತರಿಸಿಕೊಳ್ಳದಿರಲು ಸೀಲ್‌ಗಳು ದೊಡ್ಡ ಕಾರಣ ಎಂದು ಕೆನಡಾದ ವಿಜ್ಞಾನಿಗಳೇ ಹೇಳುತ್ತಾರೆ. ಯಾವ ಸೀಲ್, ಎಲ್ಲಿ, ಯಾವ ತಿಂಗಳು ಎಂದು ಕೇಳದೆ ಸೀಲ್‌ಗಳ ಮೇಲೆ ಒಟ್ಟಾರೆ ತೀರ್ಪು ಕೊಡಲು ಬರುವುದಿಲ್ಲ.

ಹೆಣ್ಣು ಸೀಲ್ ಕೊಬ್ಬಿನ ಮೀನನ್ನು ಆರಿಸುವುದಕ್ಕೆ ಗಟ್ಟಿ ಕಾರಣವಿದೆ. ಅದರ ಹಾಲಿನಲ್ಲಿ ಸುಮಾರು 60% ಕೊಬ್ಬು. ತಾಯಿ ಏನೂ ತಿನ್ನದೆ ಎರಡೂವರೆ ವಾರ ಹಾಲೂಡಿಸುತ್ತದೆ. ಅಷ್ಟರಲ್ಲಿ 16 ಕಿಲೋ ಆಸುಪಾಸಿನಲ್ಲಿ ಹುಟ್ಟಿದ ಮರಿ 50 ಕಿಲೋ ಮುಟ್ಟುತ್ತದೆ. ಆಮೇಲೆ ತಾಯಿ ಕಡಲಿಗೆ ಹೊರಟುಹೋಗುತ್ತದೆ. ಮರಿ ಆ ಕೊಬ್ಬನ್ನೇ ಕರಗಿಸಿಕೊಂಡು ವಾರಗಟ್ಟಲೆ ಮರಳಿನ ಮೇಲೆ ಒಂಟಿಯಾಗಿ ಬದುಕುತ್ತದೆ. ಉಪವಾಸದಲ್ಲಿರುವ ಸೀಲ್‌ಗೆ ನೀರು ಒದಗುವುದೂ ಹೆಚ್ಚಾಗಿ ಕೊಬ್ಬಿನಿಂದಲೇ. ಒಂದು ಕಿಲೋ ಕೊಬ್ಬು ಉರಿದರೆ, ಗಾಳಿಯ ಆಮ್ಲಜನಕವೂ ಸೇರಿ, ಒಂದು ಕಿಲೋಗಿಂತ ತುಸು ಜಾಸ್ತಿಯೇ ನೀರು ಹುಟ್ಟುತ್ತದೆ.

ಹಾಗಾದರೆ ಜೀವಂತ ಸೀಲ್‌ನಲ್ಲಿ ಎಷ್ಟು ಕೊಬ್ಬಿದೆ ಎಂದು ಅಳೆಯುವುದು ಹೇಗೆ? ಕೊಬ್ಬಿನಲ್ಲಿ ನೀರು ಬಹಳ ಕಡಿಮೆ, ಮಾಂಸದಲ್ಲಿ ಜಾಸ್ತಿ. ಭಾರದ ಹೈಡ್ರೋಜನ್ ಇರುವ ನೀರನ್ನು ಅಳೆದು ಸ್ವಲ್ಪವೇ ಚುಚ್ಚುತ್ತಾರೆ. ಕೆಲವು ಗಂಟೆ ಬಿಟ್ಟು ರಕ್ತ ತೆಗೆದು, ಅದು ಎಷ್ಟು ತೆಳುವಾಗಿದೆ ನೋಡುತ್ತಾರೆ. ಅದರಿಂದ ಮೈಯಲ್ಲಿರುವ ಒಟ್ಟು ನೀರು, ನೀರಿನಿಂದ ಮಾಂಸ ಸಿಗುತ್ತದೆ. ಒಟ್ಟು ತೂಕದಿಂದ ಅದನ್ನು ಕಳೆದರೆ ಕೊಬ್ಬು.

ಆದರೆ ನಡುಗಡಲಿನಲ್ಲಿರುವ ಸೀಲ್‌ನ ರಕ್ತ ತೆಗೆಯುವವರು ಯಾರು? ಈ ಪ್ರಶ್ನೆಗೆ ಕ್ಯಾಲಿಫೋರ್ನಿಯಾದ ಅನೋ ನ್ಯೂವೋ ದಡದಲ್ಲಿ ಉತ್ತರ ಸಿಕ್ಕಿತು. ಅಲ್ಲಿನ ಆನೆ ಸೀಲ್‌ಗಳಲ್ಲಿ ಹೆಣ್ಣುಗಳು ವರ್ಷಕ್ಕೊಮ್ಮೆ ಏಳು ತಿಂಗಳು ಪೆಸಿಫಿಕ್‌ನಲ್ಲೇ ಇರುತ್ತವೆ. ಹಗಲೂ ರಾತ್ರಿ ನೂರಾರು ಮೀಟರ್ ಆಳಕ್ಕೆ ಮುಳುಗುತ್ತವೆ. ಆಳ ಅಳೆಯುವ ಯಂತ್ರವನ್ನು ಅಂಟಿಸಿ ಕಳಿಸಿದಾಗ ಒಂದು ವಿಚಿತ್ರ ಕಂಡಿತು. ಕೆಲವು ಮುಳುಗಿನಲ್ಲಿ ಅವು ಈಜುವುದನ್ನೇ ನಿಲ್ಲಿಸಿ, ಉದುರಿದ ಎಲೆ ಗಾಳಿಯಲ್ಲಿ ಇಳಿಯುವಂತೆ ತೇಲುತ್ತಾ ಇಳಿಯುತ್ತವೆ. ಅದು ಅವುಗಳ ವಿಶ್ರಾಂತಿಯ ಹೊತ್ತು. ಕೊಬ್ಬು ಕಡಲ ನೀರಿಗಿಂತ ಹಗುರ. ಬಡಕಲು ಸೀಲ್ ಬೇಗ ಇಳಿಯುತ್ತದೆ, ಕೊಬ್ಬಿದ್ದು ನಿಧಾನವಾಗಿ. ಚೆನ್ನಾಗಿ ಕೊಬ್ಬಿದ್ದಾದರೆ ಮೇಲಕ್ಕೇ ತೇಲಬಹುದು. ಇಳಿಯುವ ವೇಗ ನೋಡಿದರೆ ಸಾಕು, ಸಾವಿರಾರು ಕಿ.ಮೀ. ದೂರದ ಸೀಲ್ ಈ ವಾರ ಕೊಬ್ಬಿತೋ ಸೊರಗಿತೋ ಗೊತ್ತಾಗುತ್ತದೆ.

2021ರಲ್ಲಿ ಪ್ರಕಟವಾದ ಒಂದು ಅಧ್ಯಯನ 71 ಆನೆ ಸೀಲ್‌ಗಳನ್ನು ಹೀಗೆ ಹಿಂಬಾಲಿಸಿತು. ಏಳು ತಿಂಗಳಲ್ಲಿ ಅವುಗಳ ಕೊಬ್ಬು 21%ರಿಂದ 32%ಕ್ಕೆ ಏರಿತು. ಜೊತೆಗೆ ನಡವಳಿಕೆಯೂ ಬದಲಾಯಿತು. ಈ ಸೀಲ್‌ಗಳಿಗೆ ರಾತ್ರಿಯೇ ಒಳ್ಳೆಯ ಬೇಟೆಯ ಸಮಯ. ಆದರೆ ಶಾರ್ಕ್ ಮತ್ತು ಕಿಲ್ಲರ್ ವೇಲ್‌ಗಳ ಕಣ್ಣು ತಪ್ಪಿಸಿ ಮಲಗಲು ಕೂಡ ಕತ್ತಲೇ ಬೇಕು. ಬಡಕಲಾಗಿದ್ದಾಗ ಅವು ರಾತ್ರಿಯೆಲ್ಲ ತಿಂದು ಬೆಳಕಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳುವ ಅಪಾಯಕ್ಕೆ ಒಡ್ಡಿಕೊಳ್ಳುತ್ತಿದ್ದವು. ಕೊಬ್ಬು ಕೂಡಿದಂತೆ ಸೂರ್ಯ ಹುಟ್ಟುವುದಕ್ಕೆ ಮೊದಲೇ ಬೇಟೆ ಬಿಟ್ಟು ವಿಶ್ರಾಂತಿಗೆ ಇಳಿಯತೊಡಗಿದವು, ಅದೂ ಮೊದಲಿಗಿಂತ 100 ಮೀಟರಿಗೂ ಹೆಚ್ಚು ಕೆಳಗೆ, ಇನ್ನಷ್ಟು ದಟ್ಟ ಕತ್ತಲಿಗೆ. ಎಷ್ಟು ಅಪಾಯಕ್ಕೆ ಮೈ ಒಡ್ಡಬೇಕು ಎಂಬುದು ಮೈಯಲ್ಲಿರುವ ಕೊಬ್ಬಿಗೆ ತಕ್ಕಂತೆ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು.