ತಾಯಿಯ ಕಾಲಿಗೆ ಜೋಮು: ರಕ್ತ ಪರೀಕ್ಷೆ ಮೊದಲೋ, ವಿಟಮಿನ್ ಗುಳಿಗೆ ಮೊದಲೋ?

ಪ್ರಶ್ನೆ: ನಮ್ಮ ತಾಯಿ ಸೇಡಂ ಕಡೆಯ ಹಳ್ಳಿಯಲ್ಲಿದ್ದಾರೆ, ವಯಸ್ಸು 58. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ನಡೆದಿದೆ. ಈಚೆಗೆ ಪಾದಗಳಲ್ಲಿ ಜೋಮು, ಮೈಯಲ್ಲಿ ಸುಸ್ತು. ವಿಟಮಿನ್ ಕಡಿಮೆಯಾಗಿರಬೇಕು ಎಂದು ನೆರೆಯವರು ಹೇಳುತ್ತಾರೆ. ಪರೀಕ್ಷೆಗೆಂದು ಕಲಬುರಗಿಗೆ ಕರೆತರಬೇಕೇ, ಮೆಡಿಕಲ್ ಅಂಗಡಿಯಿಂದ ಗುಳಿಗೆ ಒಯ್ದು ಕೊಟ್ಟು ನೋಡಿದರೆ ಸಾಲದೇ?

ಉತ್ತರ: ಕರೆತನ್ನಿ. ರಕ್ತ ಕೊಡುವವರೆಗೆ ಯಾವ ವಿಟಮಿನ್ ಗುಳಿಗೆಯನ್ನೂ ಹೊಸದಾಗಿ ಶುರು ಮಾಡಬೇಡಿ. ರಕ್ತ ಕೊಟ್ಟ ದಿನವೇ ವೈದ್ಯರು ಚಿಕಿತ್ಸೆ ಆರಂಭಿಸಬಹುದು, ಅದಕ್ಕೆ ಅಡ್ಡಿಯಿಲ್ಲ.

ಹೀಗೆ ಖಚಿತವಾಗಿ ಹೇಳಲು ಕಾರಣ, ನಿಮ್ಮ ಪತ್ರದಲ್ಲಿರುವ ಆ ಒಂಬತ್ತು ವರ್ಷ. ಸಕ್ಕರೆ ಕಾಯಿಲೆಗೆ ಅತಿ ಹೆಚ್ಚು ಬಳಕೆಯಲ್ಲಿರುವ ಔಷಧಿ ಮೆಟ್ಫಾರ್ಮಿನ್. ಒಳ್ಳೆಯ ಔಷಧಿಯೇ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕರುಳು ವಿಟಮಿನ್ ಬಿ12 ಅನ್ನು ಹೀರಿಕೊಳ್ಳುವುದು ಕುಗ್ಗಬಹುದು. ಬಿ12 ಕಡಿಮೆಯಾದರೆ ಪಾದ ಜೋಮು ಹಿಡಿಯುತ್ತದೆ. ಸಕ್ಕರೆ ಹೆಚ್ಚಿ ನರ ಕೆಟ್ಟರೂ ಪಾದವೇ ಜೋಮು ಹಿಡಿಯುತ್ತದೆ. ಮೇಲುನೋಟಕ್ಕೆ ಎರಡೂ ಒಂದೇ. ಹಾಗಾಗಿ ಎಷ್ಟೋ ಮನೆಗಳಲ್ಲಿ ‘ಶುಗರ್ ಇದ್ದವರಿಗೆ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗುತ್ತಾರೆ. ಫಾರ್ಮಸಿಸ್ಟ್ ಆಗಿ ನನ್ನನ್ನು ಅತ್ಯಂತ ನೋಯಿಸುವ ಮಾತು ಇದು. ಬಿ12 ಕೊರತೆಯನ್ನು ಬೇಗ ಹಿಡಿದರೆ ಸರಿಪಡಿಸಬಹುದು, ತಡವಾದರೆ ನರದ ಹಾನಿ ಶಾಶ್ವತವಾಗಿ ಉಳಿಯಬಹುದು.

ತಾಯಿಯವರು ತೆಗೆದುಕೊಳ್ಳುವುದು ಮೆಟ್ಫಾರ್ಮಿನ್ ಹೌದೋ ಅಲ್ಲವೋ ಎಂದು ತಿಳಿಯಲು ಸ್ಟ್ರಿಪ್ಪಿನ ಹಿಂಬದಿ ಓದಿ. ಹೆಸರಿನ ಕೊನೆಯಲ್ಲಿ ‘ಎಂ’ ಅಕ್ಷರವಿರುವ ಸಕ್ಕರೆ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಅದು ಬೆರೆತಿರುತ್ತದೆ. ಜೊತೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸಿನ ಗುಳಿಗೆಯೂ ಇದೆಯೇ? ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸಿನ ಗುಳಿಗೆ ಬಹಳ ಕಾಲ ನಡೆದರೂ ಬಿ12 ಕುಗ್ಗಬಹುದು. ಇನ್ನು ಊಟ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ ಎಲ್ಲವೂ ಸತ್ವದ ಆಹಾರವೇ, ಆದರೆ ಅವುಗಳಲ್ಲಿ ಬಿ12 ಇಲ್ಲ. ಸಸ್ಯಾಹಾರಿಗಳಿಗೆ ಅದು ದೊರೆಯುವುದು ಹೆಚ್ಚಾಗಿ ಹಾಲು, ಮೊಸರಿನಿಂದ. ನೀರುಮಜ್ಜಿಗೆಯಷ್ಟೇ ಕುಡಿಯುವವರಿಗೆ ಅದೂ ಸಾಲದು.

ಮೊದಲೇ ಗುಳಿಗೆ ಏಕೆ ಬೇಡ? ಜೋಮಿಗೆಂದು ಅಂಗಡಿಯಲ್ಲಿ ಸಿಗುವ ಗುಳಿಗೆಗಳಲ್ಲಿ ಬಹುಪಾಲು ಮೀಥೈಲ್‌ಕೋಬಾಲಮಿನ್ ಇರುತ್ತದೆ, ಅಂದರೆ ಬಿ12. ಅದನ್ನು ನುಂಗಿ ಅಥವಾ ಸೂಜಿ ಹಾಕಿಸಿಕೊಂಡು ಕೆಲವು ದಿನಗಳ ನಂತರ ರಕ್ತ ಕೊಟ್ಟರೆ ವರದಿಯಲ್ಲಿ ದೊಡ್ಡ ಅಂಕಿ ಕಾಣುತ್ತದೆ. ಮೊದಲು ಎಷ್ಟಿತ್ತು ಎಂಬುದು ಆಮೇಲೆ ತಿಳಿಯುವುದೇ ಇಲ್ಲ. ಫೋಲಿಕ್ ಆಸಿಡ್ (ಇನ್ನೊಂದು ಬಿ ವಿಟಮಿನ್) ಇರುವ ‘ತಾಕತ್ತಿನ ಗುಳಿಗೆ’ ಇನ್ನೂ ಮೋಸದ್ದು. ಅದರಿಂದ ರಕ್ತಹೀನತೆ ಸುಧಾರಿಸಿ ಹಿಮೊಗ್ಲೋಬಿನ್ ಏರಬಹುದು, ಮನೆಯವರಿಗೆ ಸಮಾಧಾನವೂ ಆಗಬಹುದು. ಬಿ12 ಇಲ್ಲದೆ ನರಗಳು ಸವೆಯುವುದು ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಕೂದಲು ಉದುರುವುದಕ್ಕೆ ಯಾರಾದರೂ ಬಯೋಟಿನ್ ಎಂಬ ವಿಟಮಿನ್ ಕೊಟ್ಟಿದ್ದರೆ ಅದನ್ನೂ ವೈದ್ಯರಿಗೂ ಲ್ಯಾಬಿನವರಿಗೂ ತಿಳಿಸಿ. ದಿನಕ್ಕೆ ದೇಹಕ್ಕೆ ಬೇಕಾದದ್ದು ಸುಮಾರು 30 ಮೈಕ್ರೊಗ್ರಾಂ. ಕೂದಲಿನ ಗುಳಿಗೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ತನಕ ಇರುತ್ತದೆ. ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಯಂತ್ರಗಳು ವಿಟಮಿನ್, ಥೈರಾಯ್ಡ್ ಅಂಕಿಗಳನ್ನು ತಪ್ಪಾಗಿ ತೋರಿಸಬಹುದು.

ವರದಿ ಬಂದಾಗ ಮೊದಲು ಅಳತೆಯ ಮಾನ ನೋಡಿ. ಬಿ12 ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವೆ ಅನುಮಾನದ ಜಾಗ. ಜೋಮು ಇದ್ದು ಅಂಕಿ ಅಲ್ಲಿ ನಿಂತರೆ ಕೊರತೆ ನಿಜವೇ ಎಂದು ಖಚಿತಪಡಿಸುವ ಹೋಮೊಸಿಸ್ಟೀನ್ ಅಥವಾ ಮೀಥೈಲ್‌ಮೆಲೊನಿಕ್ ಆಸಿಡ್ ರಕ್ತ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಬಿ12 ಪರೀಕ್ಷೆ ಒಂದಕ್ಕೇ ಉಪವಾಸ ಸಾಮಾನ್ಯವಾಗಿ ಬೇಕಿಲ್ಲ.

ವಿಟಮಿನ್ ಡಿ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಮ್ಮ ಊರಿನ ಬಿಸಿಲಿಗೆ ಬೆದರಿ ಒಳಗೇ ಇರುವವರಲ್ಲಿ ಅದೂ ಕಡಿಮೆ ಇರಬಹುದು. ಅದಕ್ಕೆ ಕೊಡುವ 60,000 ಯೂನಿಟ್ ಗುಳಿಗೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಬರೆಯುತ್ತಾರೆ. ದಿನಕ್ಕೊಂದು ಎಂದು ತಿಳಿದು ಇಪ್ಪತ್ತು ದಿನ ನುಂಗಿದ ಹಿರಿಯರೊಬ್ಬರು ವಾಂತಿ, ಮಲಬದ್ಧತೆ ಎಂದು ನಮ್ಮ ಅಂಗಡಿಗೇ ಬಂದಿದ್ದರು. ಕ್ಯಾಲ್ಸಿಯಂ ಏರಿತ್ತು. ಅಂದಿನಿಂದ ನಾನು ಆ ಡಬ್ಬಿಯ ಮೇಲೆ ‘ಸೋಮವಾರ ಮಾತ್ರ’ ಎಂದು ದೊಡ್ಡದಾಗಿ ಬರೆದೇ ಕೊಡುತ್ತೇನೆ.

ಬರುವಾಗ ತಾಯಿಯವರ ಎಲ್ಲ ಸ್ಟ್ರಿಪ್ಪುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಅವರು ಸದಾ ಗುಳಿಗೆ ಕೊಳ್ಳುವ ಅಂಗಡಿಯ ಫಾರ್ಮಸಿಸ್ಟ್ ಬಳಿ ಮೊದಲು ಕೂತು, ಯಾವುದು ಎಷ್ಟು ವರ್ಷಗಳಿಂದ ನಡೆದಿದೆ ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅದನ್ನು ಪ್ರಯೋಗಾಲಯದವರು ಹೇಳಲಾರರು, ಅಂಗಡಿಯವರು ಹೇಳಬಲ್ಲರು. ಆ ಚೀಟಿಯೊಂದಿಗೆ ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಸಕ್ಕರೆ ಗುಳಿಗೆಯನ್ನು ಮಾತ್ರ ಒಂದು ಹೊತ್ತೂ ನಿಲ್ಲಿಸಬೇಡಿ. ಪಾದಗಳನ್ನು ದಿನಾ ರಾತ್ರಿ ದೀಪದ ಬೆಳಕಿನಲ್ಲಿ ನೋಡಿ, ಜೋಮಿನಲ್ಲಿ ಗಾಯವಾದರೂ ಅವರಿಗೆ ತಿಳಿಯದೇ ಇರಬಹುದು.